ಬಟನ್ ನಿಮ್ಮ ಕೈಲಿ, ಅರ್ಥ ನಾಯಿಯದು

ಬನ್ನೂರು ಕುರಿ ಮಂದೆ ಕಂಡರೆ ಸಾಕು, ಅಟ್ಟಿಸಿಕೊಂಡು ಹೋಗುವ ನಾಯಿಗೆ ಶಾಕ್ ಕಾಲರ್ ಹಾಕಬಹುದೇ? ಮಳವಳ್ಳಿ ಕಡೆಯ ತೋಟದ ಮನೆಯವರ ಪ್ರಶ್ನೆ ಇದು.

ಕಾಲರಿನ ಒಳಮೈಯಲ್ಲಿ ಎರಡು ಲೋಹದ ಮೊಳೆ. ರಿಮೋಟ್ ಒತ್ತಿದರೆ ಅವುಗಳ ನಡುವಿನ ಚರ್ಮದಲ್ಲಿ ಕರೆಂಟ್ ಹರಿಯುತ್ತದೆ. ಕೂದಲು ದಟ್ಟವಾಗಿದ್ದರೆ ತಾಗುವುದಿಲ್ಲವೆಂದು ಪಟ್ಟಿ ಬಿಗಿಯುತ್ತಾರೆ, ಶಾಕಿನ ಮಟ್ಟದ ಅಂಕಿ ಏರಿಸುತ್ತಾರೆ. ನಾಯಿ ನಾಲೆಗೆ ಬಿದ್ದು ನೆನೆದು ಬಂದ ದಿನ ಅದೇ ಅಂಕಿಯ ಪೆಟ್ಟು ಬೇರೆಯೇ. ದಿನವಿಡೀ ಕಟ್ಟಿಟ್ಟರೆ ಮೊಳೆ ಒತ್ತಿದಲ್ಲಿ ಹುಣ್ಣು. ಸುಟ್ಟಗಾಯ ಅಂದುಕೊಳ್ಳುತ್ತಾರೆ, ಬಹುಪಾಲು ಅದು ಒತ್ತಿ ಆದ ಗಾಯ.

ಅದಾದರೂ ಮಾಯುತ್ತದೆ. ಪೆಟ್ಟು ಬಿದ್ದಾಗ ಕಣ್ಣೆದುರು ಯಾರಿದ್ದರೋ ಅವರಿಗೇ ನಾಯಿ ನೋವನ್ನು ಗಂಟು ಹಾಕುವುದುಂಟು. ನೀವು ಒತ್ತಿದ್ದು ಓಡಿದ್ದಕ್ಕೆ, ಅದು ನೋಡುತ್ತಿದ್ದದ್ದು ಕುರಿ ಕಾಯುವ ಹುಡುಗನನ್ನು. ನಾಳೆ ಎಗರುವುದು ಅವನ ಮೇಲೆ. ಗುರ್ ಅಂದಾಗಲೆಲ್ಲ ಶಾಕ್ ಕೊಟ್ಟರೆ ಗುರ್ ಅನ್ನುವುದಷ್ಟೇ ನಿಲ್ಲುತ್ತದೆ, ಸಿಟ್ಟಲ್ಲ. ಸದ್ದಿಲ್ಲದೆ ಕಚ್ಚುವ ನಾಯಿ ತಯಾರಾಗುವ ಒಂದು ದಾರಿ ಇದು.

ನುರಿತವರ ಕೈಲಿ ಕಾಲರ್ ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನುವ ವಾದವಿದೆ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು 63 ನಾಯಿಗಳ ಮೇಲೆ ಅದನ್ನೇ ಒರೆಗೆ ಹಚ್ಚಿ 2020ರಲ್ಲಿ ಪ್ರಕಟಿಸಿದರು: ತಿಂಡಿ ಕೊಟ್ಟು ಕಲಿಸಿದ್ದಕ್ಕಿಂತ ಕಾಲರ್ ಮೇಲಾಗಲಿಲ್ಲ. ವೇಲ್ಸ್ 2010ರಲ್ಲೇ ನಿಷೇಧಿಸಿದೆ. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು ಪ್ರಾಣಿಗೆ ಅನಗತ್ಯ ನೋವು ಕೊಡುವುದನ್ನು ಅಪರಾಧ ಎನ್ನುತ್ತದೆ, ಕಾಲರಿನ ಹೆಸರೆತ್ತುವುದಿಲ್ಲ.

ಬದಲಿಗೆ: ಎದೆಗೆ ಕಟ್ಟುವ ಪಟ್ಟಿ (ಹಾರ್ನೆಸ್), 10 ಮೀಟರ್ ಹತ್ತಿ ಹಗ್ಗ, ಉಪ್ಪು ಹಾಕದೆ ಬೇಯಿಸಿದ ಕೋಳಿ, ಅವರೆಕಾಳಿನಷ್ಟು ತುಂಡು. ಕರೆಯಲು ಹೊಸ ಪದವಿರಲಿ. ‘ಬಾ’ ಮನೆಯಲ್ಲಿ ಸವೆದುಹೋಗಿರುತ್ತದೆ. ಮೊದಲ ವಾರ ಅಂಗಳದಲ್ಲೇ, ದಿನಕ್ಕೆರಡು ಸಲ, ಐದೈದು ನಿಮಿಷ. ಆಮೇಲೆ ಮಂದೆ. ಎಷ್ಟು ದೂರ? ಕುರಿ ಕಂಡರೂ ತುಂಡು ತಿನ್ನುವಷ್ಟು. ಮೂಗಿನ ಮುಂದೆ ಕೋಳಿ ಹಿಡಿದರೂ ಮೂಸದೆ ಮಂದೆಯನ್ನೇ ದಿಟ್ಟಿಸುತ್ತಿದ್ದರೆ ತೀರಾ ಹತ್ತಿರ ಬಂದಿದ್ದೀರಿ. ಇಪ್ಪತ್ತು ಹೆಜ್ಜೆ ಹಿಂದೆ ಸರಿಯಿರಿ. ಹತ್ತು ಸಲ ಕರೆದರೆ ಎಂಟು ಸಲ ತಿರುಗಿ ಬಂದ ಮೇಲೆ ಐದು ಹೆಜ್ಜೆ ಮುಂದೆ, ಅಷ್ಟೇ. ಕೆಡುವುದೆಲ್ಲ ಹಗ್ಗ ಬಿಚ್ಚುವ ಆತುರದಲ್ಲಿ. ಒಮ್ಮೆ ಅಟ್ಟಿಸಿ ರುಚಿ ಕಂಡರೆ ಮೂರು ವಾರದ ಪಾಠ ನೀರಲ್ಲಿ ಹೋಮ. ಅಂದಹಾಗೆ ಹಗ್ಗದ ತುದಿಗೆ ಗಂಟು ಹಾಕಬೇಡಿ, ಕಬ್ಬಿನ ಕೂಳೆಗೆ ಸಿಕ್ಕಿಕೊಳ್ಳುತ್ತದೆ.