ಕಪ್ಪು ಕೂದಲ ಮೇಲೆ ಹಳದಿ ಯಾಕೆ ಪಾಚಿಯಾಗುತ್ತದೆ?

ರಾಜ್ಯೋತ್ಸವ ಹತ್ತಿರ ಬಂದಾಗ ಪಾರ್ಲರ್‌ಗೆ ಬರುವ ಬೇಡಿಕೆ ಇದು: ಕಿವಿಯ ಪಕ್ಕ ಒಂದು ಹಳದಿ ಎಳೆ, ಅದರ ಪಕ್ಕ ಒಂದು ಕೆಂಪು ಎಳೆ, ನವೆಂಬರ್ 2ರ ಬೆಳಗ್ಗೆ ತಲೆಗೆ ನೀರು ಹಾಕಿದರೆ ಎರಡೂ ಹೋಗಿರಬೇಕು. ಕೆಂಪು ಹೇಗೋ ಬಂದುಬಿಡುತ್ತದೆ. ಕೈಕೊಡುವುದು ಹಳದಿ. ಡಬ್ಬಿಯೊಳಗೆ ಅರಿಸಿನದ ಹಾಗಿದ್ದ ಬಣ್ಣ ಕೂದಲಿಗೇರಿದ ಮೇಲೆ ಬಚ್ಚಲ ಮೂಲೆಯ ಪಾಚಿಯಂತಾಗುತ್ತದೆ. ಇನ್ನಷ್ಟು ಹಚ್ಚಿದರೆ ಸರಿಹೋದೀತು ಎಂದು ಮತ್ತೆ ಮತ್ತೆ ಬಳಿದರೆ ಎಳೆ ತೆಂಗಿನ ನಾರಿನಂತೆ ಬಿರುಸಾಗುತ್ತದೆಯೇ ಹೊರತು ಹಳದಿ ಬರುವುದಿಲ್ಲ.

ತಪ್ಪು ಹಳದಿಯದಲ್ಲ, ಕೆಳಗಿರುವ ಕಪ್ಪಿನದು. ಹಳದಿಗೆ ಒಂಚೂರು ಕಪ್ಪು ಬೆರೆಸಿದರೆ ಮಂಕು ಹಸಿರಾಗುತ್ತದೆ ಎಂಬುದು ಡ್ರಾಯಿಂಗ್ ಕ್ಲಾಸಿಗೆ ಹೋಗುವ ಮಕ್ಕಳಿಗೂ ಗೊತ್ತು. ಬಣ್ಣದ ಪದರ ತೆಳ್ಳಗಿದ್ದರೆ ಕೂದಲಿನ ಕಪ್ಪು ಅದರ ಮೂಲಕ ಹಣಕುತ್ತದೆ, ಕಣ್ಣಿಗೆ ಎರಡೂ ಬೆರೆತೇ ಕಾಣುತ್ತವೆ. ಕೆಂಪಿಗೂ ಇದೇ ಆಗುತ್ತದೆ, ಆದರೆ ಕೆಂಪು ಕಪ್ಪಾದರೆ ಮರೂನ್ ಆಗುತ್ತದೆ, ಅದು ಚೆನ್ನಾಗಿಯೇ ಕಾಣುವುದರಿಂದ ಯಾರೂ ದೂರುವುದಿಲ್ಲ.

ಹಾಗಾಗಿ ನಮ್ಮ ಕೂದಲಿಗೆ ತಾತ್ಕಾಲಿಕ ಬಣ್ಣ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ‘ಎಷ್ಟು ಗಾಢ’ ಎಂದಲ್ಲ, ‘ಕಪ್ಪನ್ನು ಎಷ್ಟು ಮುಚ್ಚುತ್ತದೆ’ ಎಂದು. ಉತ್ತರ ಲೇಬಲ್ಲಿನಲ್ಲೇ ಇರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಟೈಟಾನಿಯಂ ಡಯಾಕ್ಸೈಡ್ ಅಥವಾ ಅದರ ಬಣ್ಣ-ಸಂಖ್ಯೆಯಾದ ಸಿಐ (ಕಲರ್ ಇಂಡೆಕ್ಸ್) 77891 ಎಂದಿದ್ದರೆ ಅದು ಬಿಳಿ ಪಿಗ್ಮೆಂಟ್, ಮುಚ್ಚುವ ಗುಣ ಅದರದು. ಸಿಐ 77019 ಎಂದರೆ ಮೈಕಾ, ಅಂದರೆ ಅಭ್ರಕ, ಮಿನುಗು ಕೊಡುವುದು ಅದು. ಇವೆರಡೂ ಇಲ್ಲದೆ ಬರೀ ‘ಬೇಸಿಕ್ ರೆಡ್ 51’ ಅಥವಾ ‘ಎಚ್‌ಸಿ ಯೆಲ್ಲೊ’ ಎಂಬಂಥ ಹೆಸರುಗಳಿದ್ದರೆ ಅದು ಮುಚ್ಚುವ ಬಣ್ಣವಲ್ಲ, ಕಲೆ ಹಿಡಿಸುವ ಬಣ್ಣ. ಕಪ್ಪು ಕೂದಲಲ್ಲಿ ಬಿಸಿಲಿಗೆ ಹಿಡಿದಾಗ ಮಾತ್ರ ಒಂದು ಛಾಯೆ ಕಂಡೀತು. ಬ್ಲೀಚ್ ಮಾಡಿದ ಕೂದಲಿಗೆ ಹಚ್ಚಿದರೆ ಹಲವು ಸಲ ತೊಳೆದರೂ ಪೂರ್ತಿ ಬಿಡುವುದಿಲ್ಲ. ಮೇಲೆ ‘ಟೆಂಪರರಿ’ ಎಂದು ಎಷ್ಟೇ ದೊಡ್ಡ ಅಕ್ಷರದಲ್ಲಿ ಬರೆದಿರಲಿ, ಹಿಂದಿನ ಸಣ್ಣ ಅಕ್ಷರವನ್ನು ನಂಬಿ. ಹಿಂದೆ ಏನೂ ಬರೆದೇ ಇಲ್ಲವೆಂದರೆ, ಅಂದರೆ ತಯಾರಕರ ಲೈಸೆನ್ಸ್ ನಂಬರ್, ಅವಧಿ ದಿನಾಂಕ ಯಾವುದೂ ಇಲ್ಲವೆಂದರೆ, ಜಾತ್ರೆಯ ಅಂಗಡಿಯಲ್ಲಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡಿ.

ತಲೆಯ ತಯಾರಿಯಲ್ಲಿ ಮೊದಲ ಶತ್ರು ಎಣ್ಣೆ. ಹಿಂದಿನ ದಿನ ಶಾಂಪೂ ಹಾಕಿ ತೊಳೆದು, ಬಣ್ಣ ಬರಬೇಕಾದ ಎಳೆಗೆ ಕಂಡೀಷನರ್, ಸೀರಂ ಏನೂ ಹಚ್ಚದೆ ಬಿಡಬೇಕು. ‘ಎರಡೇ ಹನಿ ಕೊಬ್ಬರಿ ಎಣ್ಣೆ’ ಹಚ್ಚಿಕೊಂಡು ಬಂದ ಕೂದಲ ಮೇಲೆ ಬಣ್ಣ ಅಲ್ಲಲ್ಲಿ ತೇಪೆಯಂತೆ ಕೂರುತ್ತದೆ. ಅದೇ ಎಣ್ಣೆಯನ್ನು ಹಣೆಯಂಚು, ಕಿವಿ, ಕುತ್ತಿಗೆಯ ಚರ್ಮಕ್ಕೆ ತೆಳುವಾಗಿ ಸವರಿದರೆ ಮಾತ್ರ ಲಾಭವಿದೆ, ಅಲ್ಲಿಗೆ ತಾಗಿದ ಬಣ್ಣ ಹತ್ತಿಯಲ್ಲಿ ಒರೆಸಿದರೆ ಬರುತ್ತದೆ. ಮೊಣಕೈ ಒಳಮಡಿಕೆಗೆ ಒಂದು ರೂಪಾಯಿ ನಾಣ್ಯದಷ್ಟು ಬಣ್ಣ ಹಚ್ಚಿ, 24 ಗಂಟೆ ಬಿಟ್ಟು, ಇನ್ನೊಂದು ದಿನ ನೋಡಿ. ಕೆಂಪಾದರೆ, ತುರಿಸಿದರೆ ಬೇಡ. ಹಿಂದೆ ಕಪ್ಪು ಡೈಯಿಂದಲೋ ಕಪ್ಪು ಮೆಹಂದಿಯಿಂದಲೋ ಚರ್ಮ ಉರಿದವರಂತೂ ಈ ಪರೀಕ್ಷೆ ತಪ್ಪಿಸಬಾರದು.

ಹಳದಿ ಎಳೆಗೆ ನಮ್ಮ ಆಯ್ಕೆ ಕಲರ್ ವ್ಯಾಕ್ಸ್, ಅಂದರೆ ಕೂದಲಿಗೆ ಹಚ್ಚುವ ಬಣ್ಣದ ಮೇಣ. ಬೇಕಾದದ್ದು ಎರಡು ಡಬ್ಬಿ, ಒಂದು ಬಿಳಿ, ಒಂದು ಹಳದಿ. ಗೋಡೆಗೆ ಪೇಂಟ್ ಹೊಡೆಯುವ ಮೊದಲು ಪ್ರೈಮರ್ ಬಳಿಯುವ ಲೆಕ್ಕವೇ ಇಲ್ಲಿಯೂ. ಎಳೆ ಕಿರುಬೆರಳಿಗಿಂತ ದಪ್ಪ ಬೇಡ. ಟೈಲ್ ಕೋಂಬ್‌ನ ಚೂಪು ತುದಿಯಿಂದ ಅದನ್ನು ಬೇರ್ಪಡಿಸಿ, ಉಳಿದ ಕೂದಲನ್ನು ಕ್ಲಿಪ್ ಹಾಕಿ ಹಿಂದಕ್ಕೆ ಕಟ್ಟಿ, ಹೆಗಲ ಮೇಲೆ ಹಳೆಯ ಟವೆಲ್ ಹೊದಿಸಿ, ಕೈಗೆ ಗ್ಲೌಸ್ ಹಾಕಿ. ಎಳೆಗೆ ನೀರು ಚಿಮುಕಿಸಿ ತೇವ ಮಾಡಿ, ಹನಿ ಇಳಿಯಬಾರದು. ನೆನೆಸಿದ ಕಡಲೆಕಾಳಿನಷ್ಟು ಬಿಳಿ ವ್ಯಾಕ್ಸನ್ನು ಎರಡು ಬೆರಳಿನ ನಡುವೆ ಉಜ್ಜಿ ಸಡಿಲಿಸಿಕೊಂಡು, ಬುಡದಿಂದ 2 ಸೆಂಟಿಮೀಟರ್ ಬಿಟ್ಟು, ತುದಿಯವರೆಗೆ ಎಳೆಯನ್ನು ಬೆರಳಲ್ಲಿ ಒತ್ತಿ ಜಾರಿಸುತ್ತ ಬನ್ನಿ. ಯಾವಾಗಲೂ ಬುಡದಿಂದ ತುದಿಗೆ. ಕೂದಲಿನ ಹೊರಪದರ ಹೆಂಚು ಹೊದಿಸಿದಂತೆ ತುದಿಯ ಕಡೆಗೆ ಇಳಿಜಾರಾಗಿ ಇರುತ್ತದೆ. ಮೇಲ್ಮುಖವಾಗಿ ತಿಕ್ಕಿದರೆ ಅದು ಕಿತ್ತು ನಿಂತು, ಎಳೆ ಸಿಕ್ಕಾಗುತ್ತದೆ.

ಈಗ ಎಳೆಯನ್ನು ತಿರುಗಿಸಿ ಹಿಂಬದಿ ನೋಡಿ. ಮುಂದಿನಿಂದ ಬೆಳ್ಳಗೆ ಕಂಡರೂ ಹಿಂದೆ ಕಪ್ಪು ಉಳಿದೇ ಇರುತ್ತದೆ. ಅಲ್ಲಿಗೂ ಹಚ್ಚಿ. ಡ್ರೈಯರಿನ ತಣ್ಣನೆ ಗಾಳಿಯಲ್ಲಿ 3ರಿಂದ 4 ನಿಮಿಷ ಒಣಗಿಸಿ. ಈ ಹಂತದಲ್ಲಿ ಎಳೆ ಬೂದಿ ಹಚ್ಚಿದಂತೆ ಕಾಣುತ್ತದೆ, ಹೆದರಬೇಡಿ, ಅಪ್ಪಟ ಬಿಳಿ ಬರುವ ಅಗತ್ಯವಿಲ್ಲ. ಬೆರಳಿಗೆ ಅಂಟದಷ್ಟು ಒಣಗಿದ ಮೇಲಷ್ಟೇ ಹಳದಿ, ಅಷ್ಟೇ ಪ್ರಮಾಣದಲ್ಲಿ, ಅದೇ ದಿಕ್ಕಿನಲ್ಲಿ. ಬಿಳಿ ಹಸಿಯಿರುವಾಗಲೇ ಹಳದಿ ಹಚ್ಚಿದರೆ ಎರಡೂ ಕಲಸಿಹೋಗಿ ಮಜ್ಜಿಗೆಹುಳಿಯ ಬಣ್ಣ ಬರುತ್ತದೆ. ಕೊನೆಗೆ ಪೂರ್ತಿ ಒಣಗಿದ ಎಳೆಯನ್ನು ಅಗಲ ಹಲ್ಲಿನ ಬಾಚಣಿಗೆಯಿಂದ ಒಂದೇ ಸಲ ಬಾಚಿ. ಎರಡು ಮೂರು ಸಲ ಬಾಚಿದರೆ ಹಚ್ಚಿದ್ದೆಲ್ಲ ಪುಡಿಯಾಗಿ ಹೆಗಲಿಗೆ ಉದುರುತ್ತದೆ. ಪಕ್ಕದ ಕೆಂಪಿಗೆ ಬಿಳಿ ಬೇಡ. ಅಡಿಯಲ್ಲಿ ಬಿಳಿ ಹಚ್ಚಿದ ಕೆಂಪು ಗುಲಾಬಿಯ ಕಡೆಗೆ ವಾಲುತ್ತದೆ. ಬಾವುಟದ ಕೆಂಪು ಬೇಕಿದ್ದರೆ ಕೆಂಪನ್ನೇ ಎರಡು ಪದರ ಕೊಡಿ.

ಹೇರ್ ಚಾಕ್‌ನದು ಬೇರೆ ಸ್ವಭಾವ. ಇದು ಒಣ ಪುಡಿ, ಕೂದಲಿಗೆ ಅಂಟಲು ತೇವ ಬೇಕು. ಎಳೆಯನ್ನು ಒದ್ದೆ ಮಾಡಿ, ಚಾಕನ್ನು ಮೇಲಿನಿಂದ ಕೆಳಕ್ಕೆ ಎಳೆಯುತ್ತ, ಜೊತೆಗೆ ಎಳೆಯನ್ನು ನಿಧಾನಕ್ಕೆ ತಿರುಚುತ್ತ ಹೋದರೆ ಸುತ್ತಲೂ ಬಣ್ಣ ಕೂರುತ್ತದೆ. ತಾನಾಗಿ ಒಣಗಲು ಬಿಟ್ಟು, ಹೇರ್ ಸ್ಪ್ರೇ ಹಾಕಿ, ಅದೂ ಒಣಗಿದ ಮೇಲೆ 150 ಡಿಗ್ರಿ ಸೆಲ್ಸಿಯಸ್ ಮೀರದ ಸ್ಟ್ರೇಟ್ನರ್ ಒಂದೇ ಸಲ ಹಾಯಿಸಿದರೆ ಸಂಜೆಯವರೆಗೆ ನಿಲ್ಲುತ್ತದೆ. ಸ್ಪ್ರೇ ಹಸಿಯಿದ್ದಾಗ ಹಾಯಿಸಿದರೆ ಚುಂಯ್ ಎನ್ನುತ್ತದೆ. ಅದು ಕೂದಲು ಬೇಯುವ ಸದ್ದು. ಚಾಕ್ ಕೂದಲಿನ ತೇವವನ್ನೂ ಹೀರುವುದರಿಂದ ಸತತ ಎರಡು ದಿನ ಬೇಡ. ಸ್ಟೇಷನರಿ ಅಂಗಡಿಯ ಸಾಫ್ಟ್ ಪ್ಯಾಸ್ಟೆಲನ್ನು ಇದರ ಬದಲಿಗೆ ಬಳಸುವವರಿದ್ದಾರೆ. ಅದು ಕಾಗದಕ್ಕೆಂದು ಮಾಡಿದ್ದು, ಚರ್ಮಕ್ಕೆ ತಾಗುವ ವಸ್ತುವಿನ ನಿಯಮ ಅದಕ್ಕಿಲ್ಲ. ಆಯಿಲ್ ಪ್ಯಾಸ್ಟೆಲ್ ಅಂತೂ ಬೇಡವೇ ಬೇಡ, ಅದರ ಮೇಣ ಶಾಂಪೂವಿಗೆ ಜಗ್ಗುವುದಿಲ್ಲ.

ಹೇರ್ ಮಸ್ಕಾರಾ ತೆಳ್ಳನೆ ಗೆರೆಗಳಿಗೆ, ಮುಂಗುರುಳಿಗೆ. ಕುಂಚವನ್ನು ಡಬ್ಬಿಯ ಬಾಯಿಗೆ ಒರೆಸಿ, ಹೆಚ್ಚಾದ ಬಣ್ಣ ತೆಗೆದು, ಮೂರು ನಾಲ್ಕು ಸಲ ಹಗುರವಾಗಿ ಎಳೆದರೆ ಸಾಕು. ಚಿಕ್ಕ ಮಕ್ಕಳಿಗೆ ಇದೇ ಅನುಕೂಲ, ಗಲೀಜು ಕಡಿಮೆ.

ಸ್ಪ್ರೇ ಅತಿ ಬೇಗ ಮುಗಿಯುವ ಕೆಲಸ, ಹಾಗೆಯೇ ಅತಿ ಹೆಚ್ಚು ಎಡವಟ್ಟಾಗುವುದೂ ಅದರಲ್ಲೇ. ಡಬ್ಬಿಯನ್ನು ಒಂದು ನಿಮಿಷವಾದರೂ ಕುಲುಕಬೇಕು, ಬಣ್ಣದ ಪುಡಿ ತಳದಲ್ಲಿ ಕೂತಿರುತ್ತದೆ. ಎಳೆಯ ಹಿಂದೆ ದಪ್ಪ ಕಾಗದ ಹಿಡಿದು, 15ರಿಂದ 20 ಸೆಂಟಿಮೀಟರ್ ದೂರದಿಂದ, ಒಂದೊಂದು ಸೆಕೆಂಡಿನ ಸಣ್ಣ ಸಣ್ಣ ಒತ್ತು ಕೊಡಿ. ಹತ್ತಿರ ಹಿಡಿದರೆ ಎಳೆ ಒದ್ದೆಯಾಗಿ ಬಣ್ಣ ಸೋರುತ್ತದೆ. ದೂರ ಹಿಡಿದರೆ ಗಾಳಿಯಲ್ಲೇ ಒಣಗಿ, ಪುಡಿಯಾಗಿ ಬೀಳುತ್ತದೆ. ಕಣ್ಣು ಮುಚ್ಚಿಸಿ, ಮೂಗಿಗೆ ಕರವಸ್ತ್ರ ಕೊಟ್ಟು, ಕಿಟಕಿ ತೆರೆದಿಟ್ಟೇ ಹೊಡೆಯಬೇಕು. ಆಸ್ತಮಾ ಇದ್ದವರಿಗೆ ಬೇಡ. ಈ ಡಬ್ಬಿಗಳಲ್ಲಿ ಬಣ್ಣವನ್ನು ಹೊರದೂಡುವುದು ಸಾಮಾನ್ಯವಾಗಿ ಬ್ಯೂಟೇನ್, ಪ್ರೊಪೇನ್, ಅಂದರೆ ಅಡುಗೆ ಗ್ಯಾಸಿನ ಜಾತಿಯವೇ, ಜೊತೆಗೆ ಆಲ್ಕೋಹಾಲ್ ಕೂಡ ಇರಬಹುದು. ನಮ್ಮ ಕಾರ್ಯಕ್ರಮಗಳು ಶುರುವಾಗುವುದೇ ದೀಪ ಬೆಳಗುವುದರಿಂದ. ಆಗಷ್ಟೇ ಸಿಂಪಡಿಸಿಕೊಂಡ ತಲೆಯನ್ನು ದೀಪದ ಕಂಬದತ್ತ ಬಾಗಿಸುವುದು ಅಪಾಯ. ಗ್ರೀನ್ ರೂಮಿನಲ್ಲಿ ಊದುಬತ್ತಿ ಉರಿಯುತ್ತಿದ್ದರೆ ಹೊರಗೆ ಬಂದೇ ಹೊಡೆಯಿರಿ.

ಭರತನಾಟ್ಯವೋ ಡೊಳ್ಳೋ, ಬೆವರು ಸುರಿಯುವ ಯಾವುದೇ ಪ್ರದರ್ಶನವಿದ್ದರೆ ಹಚ್ಚುವ ಬಣ್ಣ ಯಾವುದೂ ಬೇಡ. ವ್ಯಾಕ್ಸ್, ಚಾಕ್, ಸ್ಪ್ರೇ ಮೂರೂ ಬೆವರಿಗೆ, ಮಳೆಗೆ ಕರಗಿ ಕೊರಳಿಗೆ ಇಳಿಯುತ್ತವೆ, ಬಿಳಿ ಅಂಗಿಯಾದರೆ ಕಥೆ ಮುಗಿಯಿತು. ಅಲ್ಲಿ ಕ್ಲಿಪ್ ಎಳೆಗಳೇ ಸರಿ, ಅಂದರೆ ಕ್ಲಿಪ್ ಕೂಡಿಸಿದ ಬಣ್ಣದ ಕೃತಕ ಕೂದಲಿನ ಎಳೆಗಳು. ಮೇಲ್ಪದರದ ಕೂದಲನ್ನು ಎತ್ತಿ, ಬೈತಲೆಯಿಂದ ಎರಡು ಬೆರಳು ಕೆಳಗೆ, ಬುಡದ ಹತ್ತಿರ ಕ್ಲಿಪ್ ಒತ್ತಿ, ಮೇಲಿನ ಕೂದಲು ಇಳಿಬಿಟ್ಟರೆ ಕ್ಲಿಪ್ ಕಾಣುವುದಿಲ್ಲ. ಕೂದಲು ನುಣುಪಾಗಿ ಜಾರುವವರು ಆ ಜಾಗದಲ್ಲಿ ಸ್ವಲ್ಪ ಹಿಂಬಾಚಿ, ಕ್ಲಿಪ್ಪಿಗೆ ಹಿಡಿತ ಮಾಡಿಕೊಳ್ಳಬೇಕು. ಜಡೆಯೊಳಗೆ ಸೇರಿಸಿ ಹೆಣೆದರೆ ಇನ್ನೂ ಭದ್ರ. ಸಿಂಥೆಟಿಕ್ ಎಳೆಗೆ ಎಷ್ಟು ಬಿಸಿ ಆಗುತ್ತದೆ ಎಂದು ಪ್ಯಾಕೆಟ್ಟಿನಲ್ಲಿ ಬರೆದಿಲ್ಲದಿದ್ದರೆ ಸ್ಟ್ರೇಟ್ನರ್ ತಾಗಿಸಲೇಬೇಡಿ, ಪ್ಲಾಸ್ಟಿಕ್ ಕರಗಿ ಸ್ಟ್ರೇಟ್ನರಿನ ತಟ್ಟೆಗೆ ಅಂಟುತ್ತದೆ. ಮಲಗುವ ಮೊದಲು ಬಿಚ್ಚಿ, ಇಲ್ಲದಿದ್ದರೆ ಬುಡ ಜಗ್ಗುತ್ತದೆ.

ಬೀಟ್‌ರೂಟ್ ರಸ, ದಾಸವಾಳ, ಅರಿಸಿನ ಎಂದು ಅಡುಗೆಮನೆಯತ್ತ ನೋಡುವವರಿಗೆ ಒಂದೇ ಮಾತು: ಇವು ಪಾರದರ್ಶಕ ಬಣ್ಣಗಳು, ಕಪ್ಪಿನ ಮೇಲೆ ಕಾಣಿಸವು. ಅರಿಸಿನ ಕಾಣಿಸುವುದು ನೆತ್ತಿಯ ಮೇಲೆ. ಹೋಳಿಯ ಗುಲಾಲು ಉಳಿದಿದೆ ಎಂದು ಅದನ್ನು ಎಣ್ಣೆಯಲ್ಲಿ ಕಲಸಿ ಹಚ್ಚುವುದೂ ಬೇಡ, ಅದರಲ್ಲಿ ಏನಿದೆ ಎಂದು ಪೊಟ್ಟಣ ಹೇಳುವುದಿಲ್ಲ.

ತೆಗೆಯುವ ಕೆಲಸ ಎಣ್ಣೆಯಿಂದ ಶುರು. ರಾತ್ರಿಯೇ ತೊಳೆದರೆ ಒಳ್ಳೆಯದು, ಆಗದಿದ್ದರೆ ದಿಂಬಿಗೆ ಹಳೆಯ ಕವರ್ ಹಾಕಿ. ಒಣ ಎಳೆಗೇ ಒಂದು ಚಮಚ ಕೊಬ್ಬರಿ ಎಣ್ಣೆ ಸವರಿ 10 ನಿಮಿಷ ಬಿಟ್ಟು, ಹಳೆಯ ಬಟ್ಟೆಯಲ್ಲಿ ಬುಡದಿಂದ ತುದಿಗೆ ಒರೆಸಿ. ವ್ಯಾಕ್ಸಿನ ಮುಕ್ಕಾಲು ಪಾಲು ಇಲ್ಲೇ ಬರುತ್ತದೆ. ನಂತರ ಉಗುರುಬೆಚ್ಚನೆ ನೀರು, ಶಾಂಪೂ, ನೊರೆ ಬೆಳ್ಳಗಾಗುವವರೆಗೆ ಎರಡು ಸಲ, ಕೊನೆಗೆ ಕಂಡೀಷನರ್. ನೇರವಾಗಿ ನೀರು ಹಾಕಿದರೆ ಆ ಬಣ್ಣ ಪೂರ್ತಿ ತಲೆಗೆ ಹರಡಿ, ನೆತ್ತಿಗೂ ಇಳಿಯುತ್ತದೆ.

ಮೊದಲೇ ಬ್ಲೀಚ್ ಮಾಡಿಸಿದ, ಕೆಮಿಕಲ್ ಸ್ಟ್ರೇಟ್ನಿಂಗ್ ಆದ, ಅಥವಾ ನರೆತ ಕೂದಲಿದ್ದವರಿಗೆ ಈ ಲೆಕ್ಕವೆಲ್ಲ ತಲೆಕೆಳಗು. ಕೆಮಿಕಲ್ ತಾಗಿದ ಕೂದಲಿನ ಹೊರಪದರ ಸವೆದು ಬಾಯಿಬಿಟ್ಟಿರುತ್ತದೆ, ಬಣ್ಣದ ಕಣಗಳು ಒಳಗೆ ಸಿಕ್ಕಿಕೊಳ್ಳುತ್ತವೆ. ನರೆಯಲ್ಲಿ ಅಳಿದುಳಿದ ಕಲೆಯನ್ನು ಮರೆಮಾಚಲು ಕಪ್ಪು ಇರುವುದಿಲ್ಲ. ಕೆಂಪು, ಗುಲಾಬಿ, ನೀಲಿ ಇವರಿಗೆ ವಾರಗಟ್ಟಲೆ ಉಳಿದೀತು. ಅಂಥವರು ಕುತ್ತಿಗೆಯ ಹಿಂದೆ, ಯಾರಿಗೂ ಕಾಣದ ಕಡೆ ನಾಲ್ಕು ಕೂದಲಿಗೆ ಹಚ್ಚಿ, ಒಣಗಿಸಿ, ತೊಳೆದು, ಮತ್ತೆ ಒಣಗಿಸಿ ಬಿಸಿಲಿನಲ್ಲಿ ನೋಡಬೇಕು. ಒದ್ದೆಯಿರುವಾಗ ಹೋದಂತೆಯೇ ಕಾಣುತ್ತದೆ, ಒಣಗಿದ ಮೇಲೆ ಗುಲಾಬಿ ಮತ್ತೆ ಮುಖ ತೋರಿಸುತ್ತದೆ.