ಖಾಲಿ ಬಿಟ್ಟ ಸಾಲು

ಮಕ್ಕಳಿಗೆ ವಿಜ್ಞಾನ ಕಲಿಯುವ ಹುಮ್ಮಸ್ಸು ಎಷ್ಟಿದೆ ಎಂದು ಪ್ರೌಢಶಾಲೆಯಲ್ಲಿ ಕೇಳಿದರೆ ಥಟ್ಟನೆ ಅಂಕಪಟ್ಟಿ ಮುಂದಿಡುತ್ತಾರೆ. ಮಗು ಎಷ್ಟು ಬರೆಯಿತು ಎಂಬುದು ಅದರಲ್ಲಿದೆ. ಓದಲು ಏಕೆ ಕೂತಿತು ಎಂಬುದು ಇಲ್ಲ. ಆ 'ಏಕೆ'ಯನ್ನು ಬಿ.ಇಡಿ. ಪುಸ್ತಕಗಳು ಅಭಿಪ್ರೇರಣೆ ಎನ್ನುತ್ತವೆ. ಅದನ್ನು ಅಳೆಯುವ ಪ್ರಶ್ನಾವಳಿ ಹಿಡಿದು ರಾಯಚೂರು ಜಿಲ್ಲೆಯ ಶಾಲೆಗಳಿಗೆ ಹೋಗುವುದು ನನ್ನ ಕೆಲಸ.

ನಾನು ಬಳಸುವುದು ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಶಾನ್ ಗ್ಲಿನ್ ಮತ್ತು ಸಂಗಡಿಗರು 2011ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಪ್ರಶ್ನಾವಳಿ. ಅದರಲ್ಲಿ 25 ಹೇಳಿಕೆಗಳಿವೆ. ಪ್ರತಿಯೊಂದಕ್ಕೂ 'ಎಂದೂ ಇಲ್ಲ' ಎಂಬ ಸೊನ್ನೆಯಿಂದ 'ಯಾವಾಗಲೂ' ಎಂಬ 4ರವರೆಗೆ ಗುರುತು ಹಾಕಬೇಕು. ಕಲಿಕೆಯಲ್ಲೇ ಸಿಗುವ ಖುಷಿ, ಸ್ವಂತ ಪ್ರಯತ್ನ, ನನ್ನಿಂದಾಗುತ್ತದೆ ಎಂಬ ಭರವಸೆ, ಮುಂದಿನ ಉದ್ಯೋಗ, ಪರೀಕ್ಷೆಯ ಅಂಕ - ಹೀಗೆ ಐದು ಎಳೆಗಳು, ಒಂದೊಂದಕ್ಕೆ 20. ಒಟ್ಟು 100.

ಮೋಸ ಮಾಡುವುದು ಈ ಒಟ್ಟು ಮೊತ್ತವೇ. ಒಬ್ಬ ಹುಡುಗ ಉದ್ಯೋಗಕ್ಕೆ 19, ಅಂಕಕ್ಕೆ 20, ಉಳಿದ ಮೂರಕ್ಕೆ ಏಳೇಳು ಹಾಕಿದನೆನ್ನಿ; 60 ಆಯಿತು. ಒಬ್ಬ ಹುಡುಗಿ ಖುಷಿಗೆ 18, ಪ್ರಯತ್ನಕ್ಕೆ 15, ಅಂಕಕ್ಕೆ 13, ಉದ್ಯೋಗಕ್ಕೆ 8, ಭರವಸೆಗೆ ಬರೀ 6 ಹಾಕಿದರೂ 60. ಮೊದಲಿನವನಿಗೆ ಎಸ್ಸೆಸ್ಸೆಲ್ಸಿ ಮುಗಿದ ಮರುದಿನ ವಿಜ್ಞಾನ ಬೇಡವಾಗಬಹುದು. ಎರಡನೆಯವಳಿಗೆ ಅದು ಬೇಕು, ತನ್ನ ಕೈಲಾಗದು ಎಂಬ ಅಂಜಿಕೆ ಅಷ್ಟೆ. ಇಬ್ಬರಿಗೂ ಒಂದೇ ಮದ್ದು ಕೊಟ್ಟರೆ ಇಬ್ಬರೂ ಕೈತಪ್ಪುತ್ತಾರೆ. ಅದಕ್ಕೇ ನನ್ನ ವರದಿಯಲ್ಲಿ ಐದು ಎಳೆಗಳನ್ನೂ ಬೇರೆಬೇರೆಯಾಗಿಯೇ ಬರೆಯುತ್ತೇನೆ, ಒಂದೇ ಅಂಕಿ ಕೊಡಿ ಎಂದು ಎಷ್ಟೇ ಕೇಳಿದರೂ.

ಈ ಹೇಳಿಕೆಗಳನ್ನು ಮೊದಲು ಪರೀಕ್ಷಿಸಿದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ. ನಮ್ಮ ಎಂಟನೆಯ ತರಗತಿಗೆ ಪದಕ್ಕೆ ಪದ ಇಳಿಸಿದರೆ ಕೆಡುತ್ತದೆ. 'ಆಸಕ್ತಿದಾಯಕ' ಎಂಬಲ್ಲಿ ಮಕ್ಕಳ ಪೆನ್ನು ನಿಲ್ಲುತ್ತಿತ್ತು. 'ವಿಜ್ಞಾನದ ಪಾಠ ಕೇಳಲು ಖುಷಿಯಾಗುತ್ತದೆ' ಎಂದು ತಿದ್ದಿದ ಮೇಲೆ ಸಲೀಸಾಗಿ ಓಡಿತು. ಇನ್ನೊಂದು ಮಾತು: ವಿಜ್ಞಾನ ಶಿಕ್ಷಕರು ಕೋಣೆಯಲ್ಲಿ ನಿಂತಿದ್ದರೆ ಎಲ್ಲರ ಹಾಳೆಯಲ್ಲೂ 'ಯಾವಾಗಲೂ'. ಅವರನ್ನು ವಿನಯದಿಂದಲೇ ಹೊರಗೆ ಕಳುಹಿಸುತ್ತೇನೆ.

ಲಿಂಗಸುಗೂರು ತಾಲ್ಲೂಕಿನ ಒಂದು ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು 24 ಸಾಲು ತುಂಬಿ ಒಂದನ್ನು ಖಾಲಿ ಬಿಟ್ಟಿದ್ದಳು. ಅದು ಪ್ರಯೋಗಗಳನ್ನು ಚೆನ್ನಾಗಿ ಮಾಡಬಲ್ಲೆ ಎಂಬ ಭರವಸೆಯ ಸಾಲು. ಮರೆತೆಯಾ ಎಂದೆ. 'ಮರೆತಿಲ್ಲ ಸರ್. ಒಂದನ್ನೂ ಮುಟ್ಟಿ ನೋಡಿಲ್ಲ, ಹೇಗೆ ಹೇಳಲಿ?' ಎಂದಳು. ಕೋಣೆಯ ಮೂಲೆಯಲ್ಲಿ ಬೀಗ ಹಾಕಿದ ಬೀರು. ಗಾಜಿನಾಚೆ ಪ್ರನಾಳಗಳು, ಮಸೂರಗಳ ಪೆಟ್ಟಿಗೆ, ಮೇಲೆ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಧೂಳು. ಒಡೆದರೆ ಲೆಕ್ಕ ಕೊಡಬೇಕೆಂಬ ಹೆದರಿಕೆಯಿಂದ ತೆರೆದಿರಲಿಲ್ಲ.

ಗಣಕಯಂತ್ರಕ್ಕೆ ಉತ್ತರ ತುಂಬುವವರು ಆ ಖಾಲಿ ಜಾಗಕ್ಕೆ ಸೊನ್ನೆ ಹಾಕಿದರೆ ಅವಳ ಭರವಸೆಯ ಮೊತ್ತ ಕುಸಿಯುತ್ತದೆ. ಶಾಲೆಯ ಕೊರತೆ ಮಗುವಿನ ಖಾತೆಗೆ ಜಮೆಯಾಗುತ್ತದೆ. ಇದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ, ಏಕೆಂದರೆ ಅಂಥ ಸೊನ್ನೆಗಳನ್ನು ಹಿಂದೆ ನಾನೂ ಹಾಕಿಸಿದ್ದೇನೆ. ಈಗ ಖಾಲಿ ಸಾಲುಗಳನ್ನು ಬೇರೆಯೇ ಎಣಿಸುತ್ತೇವೆ, ಮಗುವನ್ನು ಕೂರಿಸಿಕೊಂಡು ಕಾರಣ ಕೇಳಿ ಪಕ್ಕದಲ್ಲೇ ಬರೆದಿಡುತ್ತೇವೆ.

ಹತ್ತಿ ಬಿಡಿಸುವ ಕಾಲದಲ್ಲಿ, ಪಾಲಕರು ಗುಳೆ ಹೊರಟ ತಿಂಗಳುಗಳಲ್ಲಿ ಅಳತೆಗೆ ಹೋಗುವುದನ್ನೂ ಬಿಟ್ಟಿದ್ದೇನೆ. ಆಗ ಬೆಂಚಿನ ಮೇಲಿರುವ ಮಕ್ಕಳ ಸರಾಸರಿ ಚೆನ್ನಾಗಿಯೇ ಬರುತ್ತದೆ. ಹೊಲದಲ್ಲಿರುವವರು ಅದರಲ್ಲಿ ಇರುವುದಿಲ್ಲ.

ಆ ಶಾಲೆಯ ಮುಖ್ಯೋಪಾಧ್ಯಾಯರು ಅಂದು ಸಂಜೆಯೇ ಬೀಗದ ಕೈ ಹುಡುಕಿಸಿದರು. ಮಸೂರವೊಂದನ್ನು ಸೆರಗಿನಿಂದ ಒರೆಸಿ ಶಿಕ್ಷಕಿ ಕೊಟ್ಟಾಗ ಹುಡುಗಿ ಕಿಟಕಿಯ ಬೆಳಕನ್ನು ಎದುರಿನ ಗೋಡೆಯ ಮೇಲೆ ಬೀಳಿಸಿದಳು. ಹೊರಗಿನ ಬೇವಿನ ಮರ ಅಲ್ಲಿ ತಲೆಕೆಳಗಾಗಿ, ಅಂಗೈಗಿಂತ ಚಿಕ್ಕದಾಗಿ ಮೂಡಿತು. ಗೋಡೆಗೆ ಹತ್ತಿರ ಹೋಗಿ, ಹಿಂದೆ ಸರಿದು, ಅದು ಯಾವ ದೂರದಲ್ಲಿ ಸ್ಪಷ್ಟವಾಗುತ್ತದೆ ಎಂದು ಅವಳು ಗೇಣು ಹಾಕಿ ಅಳೆಯುತ್ತಿದ್ದಳು.