ಟೆನ್ಷನ್ ಮುಗಿದ ಮೇಲೆ ಬಿಡ್ತೀನಿ ಡಾಕ್ಟ್ರೇ

ಸಿಗರೇಟಿನಿಂದ ಏನೇನಾಗುತ್ತದೆ ಎಂದು ನಾನು ಯಾರಿಗೂ ಪಾಠ ಮಾಡುವುದಿಲ್ಲ. ಪ್ಯಾಕೆಟ್ಟಿನ ಮುಖದ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ, ಬರಹ ಅಚ್ಚಾಗಿದೆ. ಸೇದುವವರು ದಿನಾ ನೋಡುತ್ತಾರೆ. ನನ್ನ ತಾಳ್ಮೆ ಕೆಡಿಸುವುದು ಒಂದೇ ಮಾತು: ‘ಸ್ವಲ್ಪ ಟೆನ್ಷನ್ ಕಡಿಮೆಯಾಗಲಿ ಡಾಕ್ಟ್ರೇ, ಆಮೇಲೆ ಬಿಟ್ಟೇಬಿಡ್ತೀನಿ.’

ಕೊಡಗಿನಲ್ಲಿ ಟೆನ್ಷನ್ ಕಡಿಮೆಯಾಗುವ ತಿಂಗಳು ಯಾವುದು ಸ್ವಾಮಿ? ಮಾರ್ಚ್ ಬಂತೆಂದರೆ ಕಾಫಿ ಹೂ ಅರಳಿಸುವ ಹೂಮಳೆಯ ಚಿಂತೆ. ಜೂನ್‌ನಿಂದ ಗಾಳಿಮಳೆ, ಕರೆಂಟಿಲ್ಲ, ಕಾಫಿಗೆ ಕೊಳೆ ರೋಗ. ಪುತ್ತರಿ ಹಬ್ಬದ ಹೊತ್ತಿಗೆ ಅರೇಬಿಕಾ ಕಾಫಿ ಕುಯ್ಲು, ಆಳು ಸಿಗಲ್ಲ. ಅದು ಮುಗಿಯಿತು ಅನ್ನುವಷ್ಟರಲ್ಲಿ ರೊಬಸ್ಟಾ. ಆನೆಗಂತೂ ತಿಂಗಳು ವಾರ ಯಾವುದೂ ಇಲ್ಲ.

ಅದೂ ಹೋಗಲಿ. ನೀವು ಮುಗಿಯಲಿ ಎಂದು ಕಾಯುತ್ತಿರುವ ಟೆನ್ಷನ್ನಿನಲ್ಲಿ ಒಂದು ದೊಡ್ಡ ಪಾಲನ್ನು ಹುಟ್ಟಿಸುತ್ತಿರುವುದೇ ಸಿಗರೇಟು. ಎಳೆದ ಹೊಗೆಯ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿನ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಇಳಿಯುತ್ತಿದ್ದಂತೆ ಚಡಪಡಿಕೆ, ಸಿಡುಕು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು. ಇನ್ನೊಂದು ಹಚ್ಚಿದರೆ ಹಾಯೆನಿಸುತ್ತದೆ. ಬೆಂಕಿ ಇಟ್ಟವನೇ ಕೊಡ ಹಿಡಿದು ಓಡಿಬಂದ ಹಾಗೆ; ನಾವು ಅವನಿಗೇ ಕೈ ಮುಗಿಯುತ್ತೇವೆ.

ಸಿದ್ದಾಪುರ ಕಡೆಯ ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರು ಇದನ್ನು ಸುತರಾಂ ಒಪ್ಪಲಿಲ್ಲ. ಪ್ರತಿ ಸಿಗರೇಟಿನ ಹೊತ್ತು ಮತ್ತು ಕಾರಣ ಬರೆದು ತನ್ನಿ ಎಂದೆ. ಆಳುಗಳ ಹಾಜರಿಯ ಚೆಕ್‌ರೋಲ್ ಬರೆಯುವ ಕೈ ನೋಡಿ, ಸ್ಕೇಲಿಟ್ಟು ಗೆರೆ ಎಳೆದು ಚೊಕ್ಕವಾಗಿ ತುಂಬಿಸಿ ತಂದಿದ್ದರು. ಬೆಳಿಗ್ಗೆ ಆರೂವರೆಗೆ ಮೊದಲನೆಯದು, ಕಾರಣ: ಟೆನ್ಷನ್. ಆ ಹೊತ್ತಿಗೆ ಆಳುಗಳು ಲೈನ್ ಮನೆಯಿಂದ ಹೊರಟಿರುವುದೂ ಇಲ್ಲ. ಭಾನುವಾರದ ಪುಟದಲ್ಲೂ ಅದೇ ಹೊತ್ತು, ಅದೇ ಕಾರಣ. ಅವರೇ ಆ ಪುಟವನ್ನು ಎರಡು ಸಲ ತಿರುವಿ ನೋಡಿ, ‘ರಜೆ ದಿನ ನಂಗೆಂಥ ಟೆನ್ಷನ್ ಮಾರಾಯ್ರೆ?’ ಎಂದರು. ರಾತ್ರಿಯಿಡೀ ನಿಕೋಟಿನ್ ಇಲ್ಲದ ಮೈ ಎದ್ದ ಕೂಡಲೇ ಕೇಳುತ್ತದೆ, ಅಷ್ಟೇ.

ಎಲ್ಲ ಸಂಕಟವೂ ಸಿಗರೇಟಿನದೇ ಎಂದು ನಾನು ಹೇಳುತ್ತಿಲ್ಲ. 2018ರ ಭೂಕುಸಿತದಲ್ಲಿ ಮನೆ ಕಳೆದುಕೊಂಡವರಿಗೆ, ಬ್ಯಾಂಕಿನ ನೋಟಿಸ್ ಕೈಯಲ್ಲಿರುವವರಿಗೆ ಅಂಥ ಮಾತು ಆಡಲೂಬಾರದು. ಖಿನ್ನತೆಯಿದ್ದರೆ ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು. ಆದರೆ ಬಿಟ್ಟವರ ಆತಂಕ ಕೆಲವು ವಾರಗಳ ನಂತರ ಸೇದುತ್ತಿದ್ದಾಗ ಇದ್ದದ್ದಕ್ಕಿಂತ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಮೊದಲ ಎರಡು ಮೂರು ದಿನ ಕಷ್ಟ, ನಿಜ. ಎರಡರಿಂದ ನಾಲ್ಕು ವಾರದಲ್ಲಿ ಬಹುಪಾಲು ಇಳಿಯುತ್ತದೆ. ಮನೆಯವರು ಆ ದಿನಗಳಲ್ಲಿ ದಯವಿಟ್ಟು ಬೈಯಬೇಡಿ; ಬೈಸಿಕೊಂಡವನು ಅಂಗಳ ದಾಟಿ ಸೀದಾ ಅಂಗಡಿಗೇ ಹೋಗುತ್ತಾನೆ.

ನಮ್ಮ ಜಿಲ್ಲೆಯವರಿಗೇ ಹೇಳಬೇಕಾದ್ದು ಇನ್ನೊಂದಿದೆ: ಕಾಫಿ. ಹೊಗೆಯಲ್ಲಿನ ಕೆಲವು ರಾಸಾಯನಿಕಗಳಿಂದಾಗಿ ಸೇದುವವರ ಯಕೃತ್ತು ಕೆಫೀನನ್ನು ಬೇಗ ಕರಗಿಸುತ್ತದೆ. ಸೇದುವುದು ನಿಂತರೆ ಆ ವೇಗವೂ ತಗ್ಗುತ್ತದೆ. ಅದೇ ಲೋಟ, ಅದೇ ಡಿಕಾಕ್ಷನ್, ರಕ್ತದಲ್ಲಿ ಕೆಫೀನ್ ಮಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗಬಹುದು. ಎದೆ ಡವಡವ, ರಾತ್ರಿ ನಿದ್ದೆಯಿಲ್ಲ. ‘ಬಿಟ್ಟದ್ದೇ ತಪ್ಪಾಯ್ತು’ ಎಂದು ಮತ್ತೆ ಹಚ್ಚುತ್ತಾರೆ. ಕಾಫಿ ಅರ್ಧಕ್ಕಿಳಿಸಿ ಎಂದರೆ ಬೆಳೆಗಾರರು ನನ್ನನ್ನು ನೋಡುವ ನೋಟ ಇದೆಯಲ್ಲ, ಅದನ್ನು ಇಲ್ಲಿ ಬರೆಯಲಾರೆ. ಆದರೂ ಇಳಿಸಿ.

ಇದೇ ಕಾರಣಕ್ಕೆ ಒಂದು ಎಚ್ಚರಿಕೆ. ಮಾನಸಿಕ ಕಾಯಿಲೆಗೆ ಕ್ಲೋಜಪೀನ್ ಅಥವಾ ಓಲಾಂಜಪೀನ್ ಮಾತ್ರೆ ತೆಗೆದುಕೊಳ್ಳುವವರು ಬಿಡುವ ದಿನ ಗೊತ್ತುಮಾಡುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಸೇದುವುದು ನಿಂತರೆ ಆ ಔಷಧಿಯೂ ರಕ್ತದಲ್ಲಿ ಏರುತ್ತದೆ, ಡೋಸ್ ಇಳಿಸಬೇಕಾಗಬಹುದು. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.